ನೆಲದ ಬಾಗಿಲಲ್ಲಿ ಒಳಗೆ, ಕಡಲ ಬಾಗಿಲಲ್ಲಿ ಹೊರಗೆ: ಮನೆಮಂದಿಯೆಲ್ಲ ವಸಾಯಿ ಕೋಟೆಗೆ ಹೋಗಿಬರುವ ಬಗೆ

ಮುಂಬೈಯಿಂದ ಉತ್ತರಕ್ಕಿರುವ ವಸಾಯಿ ಕೋಟೆಗೆ ನಾವು ಮೊದಲ ಸಲ ಹೋದದ್ದು ಏಪ್ರಿಲ್ ತಿಂಗಳ ಒಂದು ಭಾನುವಾರ. ಗೋರೆಗಾಂವ್‌ನ ಮನೆ ಬಿಡುವಾಗಲೇ ಹತ್ತೂವರೆ ಆಗಿತ್ತು. ಜಂಬೋ ಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ರೈಲುಗಳನ್ನು ಕೆಲವು ಗಂಟೆ ಕಡಿಮೆ ಮಾಡುವುದು) ಇದೆ ಅಂತ ಗೊತ್ತಾದದ್ದು ಪ್ಲಾಟ್‌ಫಾರ್ಮಿಗೆ ಬಂದ ಮೇಲೆ. ಅಂತೂ ಕೋಟೆ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆಯ ಬಿಸಿಲು, ಇದ್ದದ್ದು ಎರಡೇ ಬಾಟಲಿ ನೀರು, ನಾಲ್ಕು ವರ್ಷದ ಮಗನಿಗೆ ಅರ್ಜೆಂಟ್, ಒಂಬತ್ತು ವರ್ಷದ ಮಗಳಿಗೆ ಸಿಟ್ಟು, ಊರಿಂದ ಬಂದಿದ್ದ ಅಮ್ಮನಿಗೆ ಮಂಡಿನೋವು. ಒಂದು ಗೋಡೆ, ಒಂದು ಮುರಿದ ಚರ್ಚು ನೋಡಿ, ನಾಲ್ಕು ಫೋಟೊ ತೆಗೆದು ವಾಪಸ್ ಬಂದೆವು. ತಪ್ಪು ಕೋಟೆಯದ್ದಲ್ಲ, ಪೂರ್ತಿ ನಮ್ಮದೇ.

ಆಮೇಲೆ ಮೂರು ಸಲ ಹೋಗಿದ್ದೇವೆ. ಮೂರು ಸಲವೂ ಖುಷಿಯಾಗಿ ಬಂದಿದ್ದೇವೆ. ಏನು ಬದಲಾಯಿಸಿದೆವು ಅಂತ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕವರು, ಮಕ್ಕಳ ಶಾಲೆಯ ಅಮ್ಮಂದಿರು ಎಲ್ಲ ಕೇಳುತ್ತಾ ಇರುತ್ತಾರೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ತಲೆಯಲ್ಲಿ ಇರಬೇಕಾದ್ದು

ಕೋಟೆ ಅಂದ ಕೂಡಲೇ ನಮಗೆ ಚಿತ್ರದುರ್ಗ ನೆನಪಾಗುತ್ತದೆ, ಇಲ್ಲಿಯವರಿಗೆ ರಾಯಗಡ. ಬೆಟ್ಟ, ಮೆಟ್ಟಿಲು, ಮೇಲೆ ಹತ್ತಿ ಉಸ್ಸಪ್ಪಾ ಅನ್ನೋದು. ವಸಾಯಿ ಹಾಗಲ್ಲ. ಅದು ನೆಲಮಟ್ಟದಲ್ಲಿ, ಸಮುದ್ರ ಮತ್ತು ಖಾರಿ (ನೆಲದೊಳಗೆ ಚಾಚಿದ ಕಡಲ ನೀರು) ಸೇರುವ ಮೂಲೆಯಲ್ಲಿ, ಸುತ್ತ ಗೋಡೆ ಕಟ್ಟಿಕೊಂಡಿದ್ದ ಒಂದು ಊರು. ಬೀದಿ ಇತ್ತು, ಮಾರುಕಟ್ಟೆ ಇತ್ತು, ಆಸ್ಪತ್ರೆ, ಸೆರೆಮನೆ, ಚರ್ಚುಗಳು, ಶ್ರೀಮಂತರ ಮಹಡಿ ಮನೆಗಳು ಎಲ್ಲ ಇದ್ದವು. ಗೋಡೆಯ ಸುತ್ತಳತೆ ಸುಮಾರು ನಾಲ್ಕೂವರೆ ಕಿಲೋಮೀಟರ್, ಒಳಗಿನ ಜಾಗ ಹತ್ತಿರ ಹತ್ತಿರ 110 ಎಕರೆ, ಗೋಡೆಗೆ ಹತ್ತು ಬುರುಜು. ಒಳಗೆ ಬರಲು ದೊಡ್ಡ ಬಾಗಿಲು ಎರಡು. ಊರಿನ ಕಡೆಗೆ ನೆಲದ ಬಾಗಿಲು, ಖಾರಿಯ ಕಡೆಗೆ ಕಡಲ ಬಾಗಿಲು.

ಹಾಗಾಗಿ ಇದನ್ನು ಕೋಟೆ ನೋಡಿದ ಹಾಗೆ ನೋಡಬೇಡಿ, ಊರು ಸುತ್ತಿದ ಹಾಗೆ ಸುತ್ತಿ. ನಾವು ಕಲಿತದ್ದು ಇಷ್ಟೇ. ಒಂದು ಬಾಗಿಲಲ್ಲಿ ಒಳಗೆ ಬನ್ನಿ, ಬೀದಿಯಲ್ಲಿ ನಡೆಯಿರಿ, ಇನ್ನೊಂದು ಬಾಗಿಲಲ್ಲಿ ಹೊರಗೆ ಹೋಗಿ. ಹೋದ ದಾರಿಯಲ್ಲೇ ವಾಪಸ್ ಬರೋದು ಬೇಡ. ಮಕ್ಕಳಿಗೆ ಬೇಜಾರು ಬರೋದೇ ವಾಪಸ್ ದಾರಿಯಲ್ಲಿ, ಅಲ್ವಾ?

ಮಕ್ಕಳಿಗೆ ಹೇಳಲು ಸ್ವಲ್ಪ ಕತೆ

ಹೋಗುವ ಮುಂಚೆ ಮಕ್ಕಳಿಗೆ ಇಷ್ಟು ಹೇಳಿಟ್ಟರೆ ಸಾಕು. ಜಾಸ್ತಿ ಹೇಳಿದರೆ ಪಾಠ ಅಂದುಕೊಳ್ಳುತ್ತಾರೆ.

ಗುಜರಾತಿನ ಸುಲ್ತಾನ್ ಬಹದ್ದೂರ್ ಶಾಗೆ ಒಂದು ಕಡೆ ಮೊಘಲ್ ದೊರೆ ಹುಮಾಯೂನನ ಹೆದರಿಕೆ, ಇನ್ನೊಂದು ಕಡೆ ಸಮುದ್ರದಲ್ಲಿ ಪೋರ್ಚುಗೀಸರ ಕಾಟ. ಎರಡೂ ಕಡೆ ಕಾದಾಡೋದು ಆಗದೆ 1534ರ ಡಿಸೆಂಬರ್ 23ರಂದು ಒಪ್ಪಂದ ಮಾಡಿಕೊಂಡು ವಸಾಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಜತೆಗೆ ಸುತ್ತಲಿನ ದ್ವೀಪಗಳೂ ಹೋದವು. ಆ ದ್ವೀಪಗಳಲ್ಲಿ ಒಂದು ಮುಂಬೈ! ನನ್ನ ಮಗಳಿಗೆ ಅತ್ಯಂತ ಮಜಾ ಅನ್ನಿಸಿದ್ದು ಇದೇ. ಆಗ ದೊಡ್ಡ ಪೇಟೆ ವಸಾಯಿ, ನಮ್ಮ ಮುಂಬೈ ಅದಕ್ಕೆ ಸೇರಿದ ಮೀನು ಮತ್ತು ತೆಂಗಿನ ಹಳ್ಳಿ. ಈಗ ವಸಾಯಿಯವರು ದಿನಾ ವಿರಾರ್ ಲೋಕಲ್‌ನಲ್ಲಿ ನೇತಾಡಿಕೊಂಡು ಮುಂಬೈಗೆ ಬರುತ್ತಾರೆ. ಕಾಲ ಹೇಗೆ ತಿರುಗುತ್ತದೆ ನೋಡಿ.

ಪೋರ್ಚುಗೀಸರು ಇಲ್ಲಿ ಎರಡು ನೂರು ವರ್ಷ ಇದ್ದರು. ಗೋವಾದ ಉತ್ತರಕ್ಕಿದ್ದ ಅವರ ಪ್ರಾಂತ್ಯಕ್ಕೆಲ್ಲ ಇದೇ ರಾಜಧಾನಿ. ಇಲ್ಲಿಯ ಕರಿಕಲ್ಲು ಹಡಗಿನಲ್ಲಿ ಗೋವಾಗೂ ಹೋಗುತ್ತಿತ್ತು. ಹಳೆ ಗೋವಾದ ಬೋಮ್ ಜೀಸಸ್ ಬಸಿಲಿಕಾದ ಮುಂಭಾಗದಲ್ಲಿ ಕೆಂಪು ಕಲ್ಲಿನ ಮೇಲೆ ಕಪ್ಪಗೆ ಕಾಣುವ ಕೆತ್ತನೆಯ ಕಂಬಗಳಿವೆಯಲ್ಲ, ಆ ಕಲ್ಲು ವಸಾಯಿಯದು. ಗೋವಾ ಟ್ರಿಪ್ ಮಾಡಿ ಬಂದ ಮಕ್ಕಳಾದರೆ ಆ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಕೋಟೆಯೊಳಗೆ ಬಾಗಿಲ ಚೌಕಟ್ಟಿನ ಕಲ್ಲು ತೋರಿಸಿ ಹೋಲಿಸಿ ನೋಡಲು ಹೇಳಬಹುದು.

ಕೊನೆಗೆ 1739ರಲ್ಲಿ ಮರಾಠರು ಮುತ್ತಿಗೆ ಹಾಕಿದರು. ಮುಂದೆ ನಿಂತವರು ಚಿಮಾಜಿ ಅಪ್ಪಾ, ಪೇಶ್ವೆ ಮೊದಲನೇ ಬಾಜೀರಾಯರ ತಮ್ಮ. ಮೂರು ತಿಂಗಳ ಕಾದಾಟ. ಮೇ ತಿಂಗಳಲ್ಲಿ ಕೋಟೆ ಬಿತ್ತು. ಒಳಗಿದ್ದವರಿಗೆ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗಲು ಎಂಟು ದಿನ ಕೊಟ್ಟರು. ಚರ್ಚಿನ ದೊಡ್ಡ ಗಂಟೆಗಳನ್ನು ಮರಾಠರು ಗೆಲುವಿನ ಗುರುತಾಗಿ ಒಯ್ದರು. ಭೀಮಾಶಂಕರದ ಗುಡಿ, ನಾಸಿಕದ ನಾರೋಶಂಕರ ಗುಡಿ, ವಾಯಿ ಹತ್ತಿರದ ಮೇಣವಲಿಯಲ್ಲಿ ಇವತ್ತಿಗೂ ತೂಗುತ್ತಿರುವುದು ಹಾಗೆ ಹೋದ ಗಂಟೆಗಳೇ. ನಾಸಿಕಕ್ಕೆ ಹೋದಾಗ ಆ ಗಂಟೆ ನಾವು ನೋಡಿದ್ದೆವು, ಆದರೆ ಅದರ ಊರು ಯಾವುದು ಅಂತ ಆಗ ಗೊತ್ತಿರಲಿಲ್ಲ.

ಯಾವ ದಿನ ಹೋಗೋದು

ನವೆಂಬರ್‌ನಿಂದ ಫೆಬ್ರವರಿ. ಅಷ್ಟೇ. ಮಾರ್ಚಿನಿಂದ ಮೇವರೆಗೆ ಹೋಗಲೇಬೇಕಾದರೆ ಹತ್ತೂವರೆಯ ಒಳಗೆ ಮುಗಿಸಿ ಹೊರಬನ್ನಿ, ಯಾಕೆಂದರೆ ಒಳಗೆ ಮಾಡು ಇರುವ ಜಾಗ ತೀರಾ ಕಡಿಮೆ. ಮಳೆಗಾಲದಲ್ಲಿ ಕೋಟೆ ಬಹಳ ಚಂದ, ಗೋಡೆಗೆಲ್ಲ ಹಸಿರು, ನಿಜ. ಆದರೆ ಕಲ್ಲು ಪಾಚಿ ಹಿಡಿದು ಜಾರುತ್ತದೆ, ಮೊಣಕಾಲೆತ್ತರ ಹುಲ್ಲು, ಅದರೊಳಗೆ ಹಾವು. ಗೆಳೆಯರ ಗುಂಪಾದರೆ ಹೋಗಲಿ, ಅಮ್ಮ ಮತ್ತು ಚಿಕ್ಕ ಮಕ್ಕಳ ಜತೆ ನಾನಂತೂ ಹೋಗುವುದಿಲ್ಲ.

ವಾರದ ನಡುವಿನ ರಜಾದಿನ ಸಿಕ್ಕರೆ ಅದೇ ಒಳ್ಳೆಯದು. ಶನಿವಾರವೂ ಆಗುತ್ತದೆ. ಭಾನುವಾರ ಬೇಡ ಅನ್ನಲು ಎರಡು ಕಾರಣ. ಒಂದು, ಲೋಕಲ್‌ಗಳ ಬ್ಲಾಕ್. ಇನ್ನೊಂದು, ಕೋಟೆಯೊಳಗಿನ ಜನ. ಮದುವೆಗೆ ಮುಂಚಿನ ಫೋಟೊ ತೆಗೆಸುವವರು ಒಂದೊಂದು ಕಮಾನಿಗೆ ಒಂದೊಂದು ಜೋಡಿಯಂತೆ ನಿಂತಿರುತ್ತಾರೆ. ಹೊಗೆ ಬಿಡುವ ಮೆಷಿನ್, ಹಾರಾಡುವ ಕೆಂಪು ಗೌನು, ಡ್ರೋನು. ಮಗ ಚರ್ಚಿನೊಳಗೆ ಓಡಿದ ಕೂಡಲೇ "ಫ್ರೇಮ್‌ನಲ್ಲಿ ಬರ್ತಿದಾನೆ" ಅಂತ ಕೂಗುತ್ತಾರೆ. ಪಾಪ, ಅವರಿಗೂ ಬಾಡಿಗೆ ಬಟ್ಟೆಯ ಗಡಿಬಿಡಿ.

ಫೆಬ್ರವರಿ ಮೊದಲ ವಾರದಲ್ಲಿ ವಸಾಯಿಯಲ್ಲೇ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ ಹಬ್ಬ ಬರುತ್ತದೆ. ಆಗ ಕೋಟೆಯಲ್ಲಿ ಭಕ್ತರ ಜಂಗುಳಿ. ಹಬ್ಬ ನೋಡಬೇಕು ಅಂದರೆ ಹೋಗಿ, ಕೋಟೆ ಸುತ್ತಲು ಬೇರೆ ದಿನ ಇಟ್ಟುಕೊಳ್ಳಿ.

ಲೋಕಲ್ ಲೆಕ್ಕ

ಇಳಿಯಬೇಕಾದ ಸ್ಟೇಷನ್ ವಸಾಯಿ ರೋಡ್, ಪಶ್ಚಿಮ ರೈಲ್ವೆ. ಚರ್ಚ್‌ಗೇಟಿನಿಂದ ವಿರಾರ್ ಫಾಸ್ಟ್ ಹಿಡಿದರೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ನಮ್ಮ ಹಾಗೆ ಗೋರೆಗಾಂವ್, ಮಲಾಡ್ ಕಡೆಯವರು ಬೊರಿವಲಿಗೆ ಹೋಗಿ ಅಲ್ಲಿ ವಿರಾರ್ ಗಾಡಿ ಹತ್ತಬಹುದು.

ಮುಂಬೈಯವರಿಗೆ ಇದು ಹೇಳಬೇಕಾಗಿಲ್ಲ, ಹೊಸಬರಿಗೆ ಹೇಳುತ್ತೇನೆ: ವಿರಾರ್ ಲೋಕಲ್ ಅಂದರೆ ಹೆದರಬೇಡಿ, ಯಾವ ಹೊತ್ತಿನ ಯಾವ ದಿಕ್ಕಿನ ಗಾಡಿ ಅಂತ ನೋಡಿ. ಬೆಳಿಗ್ಗೆ ಜನವೆಲ್ಲ ಚರ್ಚ್‌ಗೇಟ್ ಕಡೆ ಹೋಗುತ್ತದೆ, ನೀವು ವಿರಾರ್ ಕಡೆ ಹೋಗುತ್ತೀರಿ. ಆರಾಮಾಗಿ ಸೀಟು ಸಿಗುತ್ತದೆ. ಸಂಜೆ ಜನ ವಿರಾರ್ ಕಡೆ, ನೀವು ಮನೆ ಕಡೆ. ಈ ಟ್ರಿಪ್ಪಿನ ದೊಡ್ಡ ಸುಖ ಇದು. ಆದರೆ ಒಂದು ಜಾಗ್ರತೆ. ವಸಾಯಿಯಲ್ಲಿ ಇಳಿಯುವವರು ಒಂದು ಸ್ಟೇಷನ್ ಮುಂಚೆಯೇ, ನಾಯ್ಗಾಂವ್ ಹೊತ್ತಿಗೆ, ಎದ್ದು ಬಾಗಿಲ ಹತ್ತಿರ ಬರಬೇಕು. ಮಕ್ಕಳ ಕೈ ಬಿಡಬೇಡಿ.

ಡೊಂಬಿವಲಿ ಕಡೆಯ ನಮ್ಮವರಿಗೆ ಇನ್ನೊಂದು ದಾರಿ ಇದೆ. ದಿವಾದಿಂದ ವಸಾಯಿ ರೋಡಿಗೆ ನೇರ ಮೆಮು ಗಾಡಿ. ದಾದರಿಗೆ ಹೋಗಿ ಲೈನ್ ಬದಲಾಯಿಸುವ ತಲೆನೋವು ಇಲ್ಲ. ಗಾಡಿಗಳು ಕೈಬೆರಳಲ್ಲಿ ಎಣಿಸುವಷ್ಟು, ಹಾಗಾಗಿ ಹೋಗುವ ಬರುವ ಎರಡೂ ಸಮಯ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಅಂದಹಾಗೆ ಕರಾವಳಿಯಿಂದ ಗುಜರಾತ್, ರಾಜಸ್ಥಾನದ ಕಡೆ ಹೋಗುವ ಕೊಂಕಣ ರೈಲ್ವೆಯ ಎಷ್ಟೋ ಗಾಡಿಗಳು ಮುಂಬೈ ಒಳಗೆ ಬಾರದೆ ವಸಾಯಿ ರೋಡ್ ಮೂಲಕವೇ ಹೋಗುತ್ತವೆ. ಊರಿಗೆ ಹೋಗುವಾಗ ಈ ಸ್ಟೇಷನ್ ಎಷ್ಟು ಜನ ನೋಡಿಲ್ಲ?

ಟಿಕೆಟ್ ರಿಟರ್ನ್ ಬೇಡ, ಹೋಗೋದಕ್ಕೆ ಮಾತ್ರ ತೆಗೆಯಿರಿ. ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ. ಐದು ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಐದರಿಂದ ಹನ್ನೆರಡರ ಒಳಗಿನವರಿಗೆ ಅರ್ಧ.

ಭಾಯಂದರ್ ದಾಟಿದ ಮೇಲೆ ಮಕ್ಕಳನ್ನು ಕಿಟಕಿಗೆ ಕೂರಿಸಿ. ರೈಲು ವಸಾಯಿ ಖಾರಿ ದಾಟುತ್ತದೆ. ಎರಡೂ ಕಡೆ ನೀರು, ನಡುವೆ ಪಾಂಜೂ ದ್ವೀಪ, ದೋಣಿಗಳು, ಆಚೀಚೆ ಉಪ್ಪಿನಾಗರ. ಈ ನೀರಿನ ಬಾಯಲ್ಲೇ ಕೋಟೆ ಇರುವುದು, ವಾಪಸ್ ಬರುವಾಗ ಇದೇ ನೀರಿನ ಮೇಲೆ ಬರುತ್ತೇವೆ ಅಂತ ಹೇಳಿ. ಅಲ್ಲಿಂದ ಮುಂದೆ ಅವರೇ ಸಮಯ ಕೇಳುತ್ತಾರೆ, "ದೋಣಿ ಯಾವಾಗ?" ಅಂತ.

ಚೀಲದಲ್ಲಿ ಏನೇನು

ತಲೆಗೆ ಒಂದು ಲೀಟರ್ ನೀರು. ಇದರಲ್ಲಿ ಜಿಪುಣತನ ಮಾಡಬೇಡಿ. ಟೋಪಿ, ಒಂದು ಹಳೆ ಬೆಡ್‌ಶೀಟ್, ಟಾರ್ಚ್, ಕೈ ಒರೆಸುವ ಬಟ್ಟೆ, ಮಕ್ಕಳಿಗೆ ಒಂದು ಜತೆ ಬಟ್ಟೆ, ಕಸ ತುಂಬಲು ಒಂದು ಖಾಲಿ ಚೀಲ. ಕಾಲಿಗೆ ಶೂ. ಚಪ್ಪಲಿ ಹಾಕಿದರೆ ಒಡೆದ ಕಲ್ಲಿನ ಮೇಲೆ ಕಾಲು ಉಳುಕುವುದು ಗ್ಯಾರಂಟಿ. ಅಮ್ಮನಿಗಾಗಿ ನಾವು ಮಡಚುವ ಸಣ್ಣ ಸ್ಟೂಲ್ ಒಯ್ಯುತ್ತೇವೆ. ಮೊದಲು ನಗುತ್ತಿದ್ದ ನನ್ನ ಗಂಡನೇ ಈಗ ಅದರ ಮೇಲೆ ಜಾಸ್ತಿ ಕೂರೋದು.

ಬುತ್ತಿ ಮನೆಯಿಂದಲೇ. ಚಿತ್ರಾನ್ನ, ಚಪಾತಿ ಪಲ್ಯ, ಅವಲಕ್ಕಿ, ಏನಾದರೂ ಆಗುತ್ತದೆ. ಮೊಸರನ್ನ ಬೇಡ, ಬಿಸಿಲಿಗೆ ಹುಳಿಯಾಗುತ್ತದೆ. ಕೋಟೆಯ ಹತ್ತಿರ ಸಿಗೋದು ವಡಾಪಾವ್, ಚಹಾ, ಬೇಸಿಗೆಯಾದರೆ ತಾಟಿನುಂಗು. ಇಲ್ಲಿ ತಾಡ್‌ಗೋಲಾ ಅನ್ನುತ್ತಾರೆ. ಕೋಟೆಯೊಳಗೂ ಸುತ್ತಲೂ ತಾಟಿಮರ ಬೇಕಾದಷ್ಟಿದೆ.

ಸ್ಟೇಷನ್‌ನಿಂದ ಕೋಟೆಗೆ

ಬೆಳಿಗ್ಗೆ ಏಳೂವರೆ ಎಂಟಕ್ಕೆ ವಸಾಯಿ ರೋಡ್‌ನಲ್ಲಿ ಇಳಿದು ಪಶ್ಚಿಮಕ್ಕೆ ಬನ್ನಿ. ನೇರ ಆಟೋ ಹತ್ತಬೇಡಿ. ಮೊದಲು ಸ್ಟೇಷನ್ ಹತ್ತಿರದ ಯಾವುದಾದರೂ ಉಡುಪಿ ಹೋಟೆಲಿಗೆ ಹೋಗಿ ಇಡ್ಲಿ, ದೋಸೆ ಏನಾದರೂ ತಿನ್ನಿ. ತಿಂಡಿ ಒಂದು ನೆಪ. ನಿಜವಾದ ಕೆಲಸ ಶೌಚಾಲಯ. ಕೋಟೆಯೊಳಗೆ ಅದನ್ನು ನಂಬಿ ಹೋಗುವ ಹಾಗಿಲ್ಲ. ಹಾಗಾಗಿ ದೊಡ್ಡವರು ಚಿಕ್ಕವರು ಎಲ್ಲರೂ ಇಲ್ಲೇ ಮುಗಿಸಿಕೊಳ್ಳಿ, "ನಂಗೆ ಬರ್ತಿಲ್ಲ" ಅನ್ನುವ ಮಗುವನ್ನೂ ಕಳಿಸಿ. ಗಲ್ಲಾದಲ್ಲಿ ಕೂತವರ ಹತ್ತಿರ ಕನ್ನಡದಲ್ಲೋ ತುಳುವಿನಲ್ಲೋ ಎರಡು ಮಾತಾಡಿದರೆ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಅವರೇ ಹೇಳುತ್ತಾರೆ.

ಕೋಟೆ ಅಲ್ಲಿಂದ ಆರೇಳು ಕಿಲೋಮೀಟರ್. ಪಾಲಿಕೆಯ ಬಸ್ಸು ಇದೆ. ಶೇರ್ ಆಟೋ ಇದೆ, ಕೋಟೆ ದಾರಿಯ ಪಾರನಾಕಾವರೆಗೆ ಸುಲಭವಾಗಿ ಸಿಗುತ್ತದೆ. ಐದು ಜನ ಇದ್ದರೆ ಒಂದು ಆಟೋದಲ್ಲಿ ಹಿಡಿಸುವುದಿಲ್ಲ, ಬಸ್ಸೇ ಒಳ್ಳೆಯದು. ಹತ್ತುವಾಗಲೇ ಹೇಳಿಬಿಡಿ, ಕೋಟೆಯ ಗೋಡೆ ಶುರುವಾಗುವ ಕಡೆ ಇಳಿಯಬೇಕು ಅಂತ. ಇಲ್ಲದಿದ್ದರೆ ನೇರ ಕಿಲ್ಲಾಬಂದರಿಗೆ, ಅಂದರೆ ಕಡಲ ಬಾಗಿಲಿನ ಕಡೆಯ ಕೊನೆಗೆ, ತಂದು ಇಳಿಸಿಬಿಡುತ್ತಾರೆ. ಕತೆಯನ್ನು ಕೊನೆಯ ಪುಟದಿಂದ ಓದಿದ ಹಾಗೆ ಆಗುತ್ತದೆ.

ಕಾರಿನವರಿಗೆ ಒಂದೇ ಮಾತು. ಹೈವೇಯಲ್ಲಿ ಘೋಡ್‌ಬಂದರ್ ಹತ್ತಿರ ಟ್ರಾಫಿಕ್ ಸಿಕ್ಕಿದರೆ ಅರ್ಧ ದಿನ ಅಲ್ಲೇ ಹೋಯಿತು. ಕಾರು ತರಲೇಬೇಕೆಂದರೆ ಭಾಯಂದರ್‌ನಿಂದ ವಾಹನ ಸಾಗಿಸುವ ರೋ-ರೋ ದೋಣಿಗೆ ಹತ್ತಿಸಿ.

ಒಳಗೆ ನಡೆಯುವ ದಾರಿ

ಟಿಕೆಟ್ ಇಲ್ಲ. ಕೇಂದ್ರದ ಪುರಾತತ್ವ ಇಲಾಖೆ ಕಾಪಾಡುತ್ತಿರುವ ಜಾಗ. ಒಳಗೆ ಡಾಂಬರು ರಸ್ತೆಯೇ ಇದೆ, ಬಸ್ಸು ಬೈಕು ಓಡಾಡುತ್ತವೆ, ಹಾಗಾಗಿ ಮಕ್ಕಳನ್ನು ರಸ್ತೆಗೆ ಬಿಡಬೇಡಿ. ಬಸ್ಸು ಹೋಗುವ ದಾರಿ ಹಳೆಯ ಬಾಗಿಲಿನ ಮೂಲಕ ಹೋಗೋದಿಲ್ಲ, ಅದನ್ನು ಕೇಳಿಕೊಂಡು ಹೋಗಬೇಕು. ಆದರೂ ಅಲ್ಲಿಂದಲೇ ಶುರುಮಾಡಿ.

ನೆಲದ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲಿ. ಹೊರಬಾಗಿಲು ದಾಟಿದ ಕೂಡಲೇ ಒಳಬಾಗಿಲು ಎದುರಿಗೆ ಸಿಗೋದಿಲ್ಲ, ತಿರುಗಬೇಕು. ಯಾಕೆ ಹೀಗೆ ಕಟ್ಟಿದ್ದಾರೆ ಅಂತ ಮಕ್ಕಳನ್ನೇ ಕೇಳಿ. ನನ್ನ ಮಗ "ಕಳ್ಳನಿಗೆ ದಾರಿ ತಪ್ಪಲಿ ಅಂತ" ಅಂದ. ಸರಿಯಾಗೇ ಹೇಳಿದ. ಆನೆಯೋ ದಿಮ್ಮಿಯೋ ತಂದು ಬಾಗಿಲು ಗುದ್ದಬೇಕಾದರೆ ದೂರದಿಂದ ಓಡಿಬರಬೇಕು, ತಿರುವು ಇದ್ದರೆ ಓಡಲು ಜಾಗ ಇಲ್ಲ. ಮೇಲಿನಿಂದ ಗುಂಡು ಹಾರಿಸುವವನಿಗೆ ಕೆಳಗೆ ಸಿಕ್ಕಿಬಿದ್ದವರು ಸುಲಭದ ಗುರಿ. ಇನ್ನೊಂದು ಮಾತೂ ಇಲ್ಲೇ ಹೇಳಬೇಕು. ಕೋಟೆಗೆ ಉಳಿದ ಕಡೆಯೆಲ್ಲ ಕಡಲು, ಖಾರಿ, ಕೆಸರು. ಹೆದರಿಕೆ ಇದ್ದದ್ದು ಈ ನೆಲದ ಕಡೆಯಿಂದ ಮಾತ್ರ. ಮರಾಠರು ಮುರಿದದ್ದೂ ಈ ಕಡೆಯನ್ನೇ. ಬುರುಜಿನ ಕೆಳಗೆ ಸುರಂಗ ತೋಡಿ, ಮದ್ದು ತುಂಬಿ, ಸಿಡಿಸಿ ಒಳಗೆ ನುಗ್ಗಿದರು.

ಅಲ್ಲಿಂದ ರಸ್ತೆ ಹಿಡಿದು ಒಳಗೆ ನಡೆದರೆ ಚಿಮಾಜಿ ಅಪ್ಪಾ ಸ್ಮಾರಕ ಸಿಗುತ್ತದೆ, ಕುದುರೆ ಮೇಲಿನ ಪ್ರತಿಮೆ. ಹತ್ತಿರದಲ್ಲೇ ನಾಗೇಶ್ವರ ಗುಡಿ, ವಜ್ರೇಶ್ವರಿ ಗುಡಿ. ಕೋಟೆ ಕೈಗೆ ಬಂದರೆ ಗುಡಿ ಕಟ್ಟಿಸುತ್ತೇನೆ ಅಂತ ಚಿಮಾಜಿ ಅಪ್ಪಾ ವಜ್ರೇಶ್ವರಿಗೆ ಹರಕೆ ಹೊತ್ತಿದ್ದರಂತೆ, ಇಲ್ಲಿಯವರ ಮಾತು. ಅಮ್ಮನ ಮೊದಲ ವಿಶ್ರಾಂತಿ ಇಲ್ಲಿ. ಕೈಮುಗಿದು ಕೂರಲಿ. ನೀವು ಮಕ್ಕಳನ್ನು ಕರೆದುಕೊಂಡು ಬಾಲೆಕಿಲ್ಲಾ ನೋಡಿ ಬನ್ನಿ.

ಬಾಲೆಕಿಲ್ಲಾ ಅಂದರೆ ದೊಡ್ಡ ಗೋಡೆಯೊಳಗಿನ ಚಿಕ್ಕ ಕೋಟೆ. ಪೋರ್ಚುಗೀಸರು ಮೊದಲು ಕಟ್ಟಿಕೊಂಡದ್ದು ಇದನ್ನೇ, ಊರಿನ ಗೋಡೆ ಆಮೇಲೆ ಬಂತು. ಇದರ ಬಾಗಿಲ ಮೇಲಿನ ಕೆತ್ತನೆ ಮಕ್ಕಳಿಗೆ ಹುಡುಕಲು ಬಿಡಿ. ಪೋರ್ಚುಗಲ್ ರಾಜರ ಲಾಂಛನ, ಒಂದು ಶಿಲುಬೆ, ಇನ್ನೊಂದು ಬಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಮಾಡಿದ ಹಾಗಿರುವ ಗುಂಡು. ಆ ಗುಂಡು ಆಕಾಶದ ಲೆಕ್ಕ ಹಾಕುವ ಉಪಕರಣದ ಚಿತ್ರ. ನಕ್ಷತ್ರ ನೋಡಿಕೊಂಡು ಹಡಗು ನಡೆಸಿದವರ ಗುರುತು.

ಇನ್ನು ಚರ್ಚುಗಳು. ಎಲ್ಲ ನೋಡುತ್ತೇನೆ ಅಂತ ಹೊರಡಬೇಡಿ. ಏಳೆಂಟು ಪಾಳುಗಳಿವೆ, ನಾಲ್ಕನೆಯದಕ್ಕೇ ಮಕ್ಕಳು "ಮತ್ತೆ ಇದೇನಾ" ಅನ್ನುತ್ತಾರೆ. ಮೂರು ಸಾಕು, ಮೂರರಲ್ಲೂ ಬೇರೆ ಬೇರೆ ಕೆಲಸ ಇಟ್ಟುಕೊಳ್ಳಿ.

ಮೊದಲನೆಯದು ಜೆಸುಯಿಟರ (ಕ್ಯಾಥೊಲಿಕ್ ಪಾದ್ರಿಗಳ ಒಂದು ಪಂಗಡ) ಚರ್ಚು, 1540ರ ದಶಕದ ಕೊನೆಯಲ್ಲಿ ಶುರುವಾದದ್ದು. ಮುಂಭಾಗದ ಕಂಬ ಕಮಾನು ಇನ್ನೂ ಗಟ್ಟಿಯಾಗಿ ನಿಂತಿದೆ. ಗೊನ್ಸಾಲೊ ಗಾರ್ಸಿಯಾ ಹಬ್ಬ ನಡೆಯೋದು ಇಲ್ಲೇ. ಆತ ಇದೇ ವಸಾಯಿಯ ಹುಡುಗ, ಪೋರ್ಚುಗೀಸ್ ಅಪ್ಪ, ಇಲ್ಲಿಯ ಅಮ್ಮ. ಪಾದ್ರಿಗಳ ಜತೆ ಜಪಾನಿಗೆ ಹೋಗಿ, ಅಲ್ಲಿ ಧರ್ಮ ಪ್ರಚಾರದ ವಿರುದ್ಧ ತಿರುಗಿದ ಆಳ್ವಿಕೆಯ ಕೈಗೆ ಸಿಕ್ಕಿ, 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿದ. 1862ರಲ್ಲಿ ಸಂತ ಪದವಿ ಸಿಕ್ಕಿತು, ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲಿಗ. ನಾಲ್ಕು ವರ್ಷದವನಿಗೆ ಈ ಕತೆ ಹೇಳಬೇಡಿ, ಒಂಬತ್ತು ವರ್ಷದವಳು ತಾನೇ ನಕ್ಷೆ ತೆಗೆದು ವಸಾಯಿಯಿಂದ ನಾಗಸಾಕಿಗೆ ಬೆರಳು ಓಡಿಸಿದಳು.

ಎರಡನೆಯದು ಇನ್ನೊಂದು ಪಂಗಡವಾದ ಫ್ರಾನ್ಸಿಸ್ಕನ್ನರ ಸಂತ ಆಂತೋನಿ ಚರ್ಚು. ಇಲ್ಲಿ ಮೇಲೆ ನೋಡಬೇಡಿ, ಕೆಳಗೆ ನೋಡಿ. ನೆಲದ ತುಂಬ ಸಮಾಧಿಯ ಕಲ್ಲುಗಳು, ಬರಹ ಕೆತ್ತಿದವು. ನಮ್ಮ ಆಟ ಹೀಗೆ: ಮಕ್ಕಳು ಒಂದು ಕಲ್ಲಿನಲ್ಲಿ ಇಸವಿ ಹುಡುಕಬೇಕು, ಇನ್ನೊಂದರಲ್ಲಿ ಇಂಗ್ಲಿಷಿನ ಯು ಇರಬೇಕಾದ ಕಡೆ ವಿ ಕೆತ್ತಿರುವುದನ್ನು ಹುಡುಕಬೇಕು. ಆ ಕಾಲದಲ್ಲಿ ಹಾಗೇ ಬರೆಯುತ್ತಿದ್ದರು. ಟಾರ್ಚನ್ನು ಕಲ್ಲಿನ ಪಕ್ಕದಿಂದ ಅಡ್ಡಲಾಗಿ ಹಿಡಿದರೆ ಸವೆದ ಅಕ್ಷರವೂ ನೆರಳು ಬಿದ್ದು ಕಾಣುತ್ತದೆ, ಊರಲ್ಲಿ ವೀರಗಲ್ಲು, ಶಾಸನ ಓದುವವರು ಮಾಡುತ್ತಾರಲ್ಲ ಹಾಗೆ. ಸುಣ್ಣ, ಚಾಕ್ ಬಳಿಯಬೇಡಿ. ಕಲ್ಲಿನ ಮೇಲೆ ಕೂತು ತಿನ್ನಬೇಡಿ ಅಂತಲೂ ಮಕ್ಕಳಿಗೆ ಹೇಳಿ, ಅದು ಯಾರದೋ ಮನೆಯವರ ಗೋರಿ.

ಈ ಚರ್ಚಿನ ಕಟ್ಟೆಯ ಮೇಲೆ ಕೂತು ಅಮ್ಮ ಸುತ್ತ ನೋಡಿ ಹೇಳಿದ್ದು, "ಇದ್ ನಮ್ ಬಸ್ರೂರ್ ಕಂಡಂಗೇ ಇತ್ತಲ್ದಾ ಹೆಣೆ?" ನನಗೆ ಮೊದಲು ನಗು ಬಂತು. ಆಮೇಲೆ ಹೌದಲ್ಲ ಅನ್ನಿಸಿತು. ಕುಂದಾಪುರ ಹತ್ತಿರದ ಬಸರೂರೂ ಹೊಳೆ ಬಾಯಿಯ ಹಳೆ ಬಂದರು, ಕೇರಿಗಳ ಊರು. ಅಕ್ಕಿಗಾಗಿ ಅಲ್ಲಿಗೂ ಇದೇ ಪೋರ್ಚುಗೀಸರು ಬಂದಿದ್ದರು, ಬಾರ್ಸೆಲೋರ್ ಅನ್ನುತ್ತಿದ್ದರು, 1569ರ ಹೊತ್ತಿಗೆ ಅಲ್ಲೂ ಕೋಟೆ ಕಟ್ಟಿಕೊಂಡಿದ್ದರು. 1665ರಲ್ಲಿ ಶಿವಾಜಿ ಮಹಾರಾಜರು ಹಡಗಿನಲ್ಲಿ ಬಂದು ಲೂಟಿ ಮಾಡಿದ್ದೂ ಅದೇ ಬಸರೂರನ್ನು. ಹಡಗು ಬರುತ್ತಿತ್ತು, ಹಣ ಇತ್ತು, ಆಮೇಲೆ ಹೂಳು ತುಂಬಿ, ಬೇರೆ ಬಂದರು ಬೆಳೆದು, ಊರು ಸುಮ್ಮನಾಯಿತು. ಅಮ್ಮನಿಗೆ ಇಸವಿಗಳು ಬೇಕಾಗಿಲ್ಲ, ಸುಮ್ಮನಾದ ಊರಿನ ಗುರುತು ಅವಳಿಗೆ ಗೊತ್ತು. ನಿಮ್ಮ ಮನೆಯ ಹಿರಿಯರನ್ನೂ ಕೇಳಿ ನೋಡಿ, ಹಂಪಿಯೋ ಬನವಾಸಿಯೋ ಬಿದನೂರೋ ಏನೋ ಒಂದು ನೆನಪಾಗುತ್ತದೆ. ಅವರು ಹೇಳುವುದನ್ನು ಮಕ್ಕಳು ಕೇಳಲಿ, ಅದು ನನ್ನ ಈ ಕತೆಗಳಿಗಿಂತ ಚೆನ್ನಾಗಿರುತ್ತದೆ.

ಊಟ ಇಲ್ಲೇ ಹತ್ತಿರ, ಪಾಳು ಗೋಡೆಯ ನೆರಳಿನಲ್ಲಲ್ಲ, ಮರದ ನೆರಳಿನಲ್ಲಿ. ಗೋಡೆಯ ಕಲ್ಲು ಯಾವಾಗ ಸಡಿಲುತ್ತದೆ ಹೇಳಲಾಗದು. ಬೆಡ್‌ಶೀಟ್ ಹಾಸುವ ಮುಂಚೆ ಕೋಲಿನಿಂದ ಹುಲ್ಲು ಬಡಿಯಿರಿ. ಬೀದಿನಾಯಿಗಳು ಬಂದು ಕೂರುತ್ತವೆ, ಏನೂ ಮಾಡುವುದಿಲ್ಲ, ಆದರೆ ಒಂದು ಚಪಾತಿ ಹಾಕಿದಿರೋ ಸಂಜೆವರೆಗೆ ಜತೆ ಬಿಡುವುದಿಲ್ಲ. ನನ್ನ ಮಗ ಹಾಕಿದ. ಅದು ಬಂತು.

ಮೂರನೆಯದು ಸಂತ ಜೋಸೆಫರ ಚರ್ಚು, ಕಡಲ ಬಾಗಿಲಿಗೆ ಹತ್ತಿರ. ಊರಿನ ದೊಡ್ಡ ಚರ್ಚು ಇದೇ. 1546ರಲ್ಲಿ ಕಟ್ಟಿದ್ದು, 1601ರಲ್ಲಿ ಮತ್ತೆ ಕಟ್ಟಿದ ಸಂಗತಿ ಕಲ್ಲಿನಲ್ಲಿ ಕೆತ್ತಿದೆ. ಇದರ ಗೋಪುರದೊಳಗೆ ಸುರುಳಿ ಮೆಟ್ಟಿಲು. ಕಾಲೇಜು ಹುಡುಗರು ದಡದಡ ಹತ್ತಿ ತುದಿಗೆ ಹೋಗಿ ರೀಲ್ ಮಾಡುತ್ತಾರೆ. ನೀವು ಹತ್ತಬೇಡಿ. ಒಳಗೆ ಕತ್ತಲೆ, ಸವೆದ ಮೆಟ್ಟಿಲು, ಹಿಡಿಯಲು ಏನೂ ಇಲ್ಲ, ಮೇಲಿನಿಂದ ಯಾರಾದರೂ ಇಳಿದರೆ ಸರಿಯಲು ಜಾಗ ಇಲ್ಲ. ನನ್ನ ಗಂಡ ಒಂದು ಸಲ ಮಗಳ ಜತೆ ಅರ್ಧ ಹತ್ತಿ, ಅಲ್ಲೇ ಕೂತು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಜಾರಿಕೊಂಡು ಇಳಿದರು. ಪ್ಯಾಂಟಿನ ಹಿಂಭಾಗ ಹೋಯಿತು. ಕೋಟೆ ಗೋಡೆಯ ಮೇಲೂ ಅಷ್ಟೇ. ಅಗಲವಾಗಿದೆ ಅಂತ ಮಕ್ಕಳು ಓಡುತ್ತಾರೆ, ನಡುನಡುವೆ ಗುಂಡಿ ಇದೆ, ಹುಲ್ಲು ಮುಚ್ಚಿರುತ್ತದೆ. ಬಾವಿಗಳೂ ಇವೆ. ಕೈ ಹಿಡಿದುಕೊಂಡೇ ಇರಿ.

ಕಡಲ ಬಾಗಿಲು, ಆಮೇಲೆ ದೋಣಿ

ಇಲ್ಲಿಗೆ ಬರುವಷ್ಟರಲ್ಲಿ ಎಲ್ಲರಿಗೂ ಸುಸ್ತಾಗಿರುತ್ತದೆ. ಆದರೂ ಕಡಲ ಬಾಗಿಲಿಗೆ ಬಂದ ಕೂಡಲೇ ಗಾಳಿ ಬೀಸುತ್ತದೆ ನೋಡಿ, ಮುಖವೆಲ್ಲ ಬೇರೆಯಾಗುತ್ತದೆ. ಕಬ್ಬಿಣದ ಮೊಳೆ ಹೊಡೆದ ಹಳೆ ಮರದ ಬಾಗಿಲು ಇನ್ನೂ ಇದೆ. ಮಕ್ಕಳು ತಳ್ಳಿ ನೋಡಲಿ, ಅಲುಗುವುದಿಲ್ಲ. ಆಚೆ ನೀರು, ದೋಣಿ, ಮೀನಿನ ವಾಸನೆ. ಕಿಲ್ಲಾಬಂದರ್ ಕೋಳಿಗಳ ಊರು, ಕೋಳಿ ಅಂದರೆ ನಮ್ಮ ಮೊಗವೀರರ ಹಾಗೆ ಇಲ್ಲಿಯ ಮೀನುಗಾರರು. ಬಿದಿರಿನ ಚೌಕಟ್ಟು ಕಟ್ಟಿ ಬೊಂಬಿಲ್ ಮೀನನ್ನು ಎರಡೆರಡಾಗಿ ಬಾಯಿಗೆ ಬಾಯಿ ಸಿಕ್ಕಿಸಿ ತೂಗುಹಾಕಿ ಒಣಗಿಸುತ್ತಾರೆ. ಜೂನ್, ಜುಲೈ ಮೀನುಗಾರಿಕೆಗೆ ರಜೆ, ಉಳಿದಂತೆ ಏನಾದರೂ ನೋಡಲು ಇದ್ದೇ ಇರುತ್ತದೆ. ಬಲೆ ಹೊಲಿಯುವವರ ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ.

2024ರ ಫೆಬ್ರವರಿಯಿಂದ ಇಲ್ಲಿನ ಜೆಟ್ಟಿಗೂ ಭಾಯಂದರಿಗೂ ರೋ-ರೋ ದೋಣಿ ಶುರುವಾಗಿದೆ, ಕಾರು, ಬೈಕು, ಜನ ಎಲ್ಲ ಒಟ್ಟಿಗೆ ಹತ್ತುವ ದೊಡ್ಡ ಚಪ್ಪಟೆ ದೋಣಿ. ನೀರಿನ ಮೇಲೆ ಕಾಲು ಗಂಟೆಯ ದಾರಿ. ರಿಟರ್ನ್ ಟಿಕೆಟ್ ಬೇಡ ಅಂದದ್ದು ಇದಕ್ಕೇ. ಭಾಯಂದರ್ ಕಡೆ ಇಳಿದು, ಆಟೋದಲ್ಲಿ ಸ್ಟೇಷನ್‌ಗೆ ಹೋಗಿ, ಚರ್ಚ್‌ಗೇಟ್ ಕಡೆಯ ಲೋಕಲ್ ಹತ್ತಿದರೆ ಆಯಿತು.

ದೋಣಿಯ ಸಮಯ ಭರತ ಇಳಿತ ನೋಡಿ ಬದಲಾಗುತ್ತದೆ, ಮಳೆಗಾಲದಲ್ಲಿ ನಿಲ್ಲಲೂಬಹುದು. ಅದಕ್ಕೆ ಹಿಂದಿನ ದಿನವೇ ಸಮಯ ನೋಡಿ, ಆ ದಿನ ಬೆಳಿಗ್ಗೆ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ. ಕೊನೆಯ ದೋಣಿ ನಂಬಿ ಕೂರಬೇಡಿ, ಅದಕ್ಕಿಂತ ಹಿಂದಿನದು ಹಿಡಿಯಿರಿ. ದೋಣಿ ಇಲ್ಲದಿದ್ದರೆ ಬೇಜಾರಿಲ್ಲ, ಕಿಲ್ಲಾಬಂದರ್‌ನಿಂದಲೇ ಸ್ಟೇಷನ್‌ಗೆ ಬಸ್ಸು ಇದೆ, ನಡೆದ ದಾರಿ ಮತ್ತೆ ನಡೆಯಬೇಕಾಗಿಲ್ಲ.

ದೋಣಿಯಲ್ಲಿ ಹಿಂದಿನ ತುದಿಗೆ ನಿಲ್ಲಿ, ಮುಂದೆ ಅಲ್ಲ. ದೋಣಿ ಬಿಟ್ಟ ಮೇಲೆ ಕೋಟೆಯ ಗೋಡೆ ಪೂರ್ತಿ ಒಂದೇ ನೋಟಕ್ಕೆ ಕಾಣುವುದು ಆಗಲೇ, ಮೇಲೆ ತಾಟಿಮರಗಳ ತಲೆ, ನಡುವೆ ಜೋಸೆಫರ ಗೋಪುರ. ಹಡಗಿನಲ್ಲಿ ಬಂದವರು ಈ ಊರನ್ನು ಮೊದಲು ನೋಡುತ್ತಿದ್ದದ್ದು ಹೀಗೇ.

ಕೊಳ್ಳುವುದಾದರೆ ಎರಡು ವಸ್ತು. ಒಂದು ಸುಕೇಳಿ, ಬಾಳೆಹಣ್ಣನ್ನು ಬಿಸಿಲಲ್ಲಿ ಒಣಗಿಸಿ ಎಲೆಯಲ್ಲಿ ಸುತ್ತಿ ಮಾರುವುದು, ವಸಾಯಿಯ ಹೆಸರುವಾಸಿ ತಿನಿಸು. ಎಲ್ಲ ಕಾಲದಲ್ಲೂ ಸಿಗುವುದಿಲ್ಲ, ಪೇಟೆಯಲ್ಲಿ ಕೇಳಿ ನೋಡಿ. ಇನ್ನೊಂದು ಒಣಮೀನು, ತಿನ್ನುವವರಿಗೆ. ಅಮ್ಮ ಕೋಳಿ ಹೆಂಗಸಿನ ಹತ್ತಿರ ಒಣ ಚಟ್ಲಿಗೆ (ಸಿಗಡಿಗೆ) ಕುಂದಾಪುರದ ಮಾತಿನಲ್ಲೇ ಚೌಕಾಶಿ ಮಾಡಿದಳು, ಆಕೆ ಮರಾಠಿಯಲ್ಲೇ ಉತ್ತರ ಕೊಟ್ಟಳು, ಇಬ್ಬರಿಗೂ ಎಲ್ಲ ಅರ್ಥವಾಯಿತು, ಬೆಲೆ ಮಾತ್ರ ಇಳಿಯಲಿಲ್ಲ. ಒಣಮೀನು ಕೊಳ್ಳುವ ಯೋಚನೆ ಇದ್ದರೆ ಮನೆಯಿಂದಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ತನ್ನಿ, ಬುತ್ತಿ ಖಾಲಿಯಾದ ಡಬ್ಬಿಯೂ ಆಗುತ್ತದೆ. ನಾವು ಕಾಗದದಲ್ಲಿ ಸುತ್ತಿ ತಂದೆವು. ಭಾಯಂದರ್‌ನಲ್ಲಿ ಹತ್ತಿದಾಗ ಬೋಗಿಯಲ್ಲಿ ಒಂದೂ ಸೀಟು ಖಾಲಿ ಇರಲಿಲ್ಲ, ದಹಿಸರ್ ಬರುವಷ್ಟರಲ್ಲಿ ನಮ್ಮ ಸುತ್ತ ಐದೂ ಜನಕ್ಕೆ ಸೀಟು ಆಗಿತ್ತು.